ಪೊಟರೆ ಬಿದ್ದ ಹೆಮ್ಮರ: ನಾಲ್ಕು ಜನ ಸೇರಿ ಇಳಿಸುವ ಬಗೆ

(ರೈತರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸ)



ಅಜ್ಜನ ಕಾಲದ ಹುಣಸೆಯೋ ಮಾವೋ ಇಲ್ಲದ ಊರು ನಮ್ಮಲ್ಲಿ ಅಪರೂಪ. ಅಂತಹ ಮರಕ್ಕೆ ವಯಸ್ಸಾದಂತೆ ಒಳಗಿನ ಚೇಗು ಕೊಳೆತು ಪೊಟರೆ ಬೀಳುತ್ತದೆ. ಹೊರಗೆ ಎಲೆ ಹಸಿರಾಗಿರುತ್ತದೆ, ಕಾಯಿಯೂ ಬಿಡುತ್ತದೆ. ಆದರೆ ಕೆಳಗೆ ಕೊಟ್ಟಿಗೆ ಇದ್ದರೆ, ಮಕ್ಕಳು ಆಡುವ ಜಾಗವಿದ್ದರೆ, ಪ್ರತಿ ಮಳೆಗಾಲದಲ್ಲೂ ಮನೆಯವರಿಗೆ ನಿದ್ದೆ ಇರುವುದಿಲ್ಲ. ಇಂತಹ ಮರವನ್ನು ಕಡಿಮೆ ಆಳುಗಳಿಂದ, ಯಾರಿಗೂ ಅಪಾಯವಾಗದಂತೆ ತೆಗೆಯುವುದು ಹೇಗೆಂಬುದೇ ಈ ದಿನದ ವಿಷಯ.

ಮೊದಲು ನಾನು ಕಣ್ಣಾರೆ ಕಂಡ ಒಂದು ಸಂಗತಿಯನ್ನು ಹೇಳುತ್ತೇನೆ. ಒಬ್ಬ ರೈತರ ಹಿತ್ತಲಿನಲ್ಲಿ 15 ಅಡಿ ಸುತ್ತಳತೆಯ ಹುಣಸೆ ಮರವಿತ್ತು. ಆಳುಗಳು ಗಟ್ಟಿ ಮರವನ್ನು ಕಡಿಯುವಂತೆಯೇ ಬುಡಕ್ಕೆ ಆಳವಾದ ಕಚ್ಚು ಹಾಕಿದರು. ಮರ ಹೊಲದ ಕಡೆ ಬೀಳಬೇಕಿತ್ತು. ಹಿಂದಿನ ಕೊಯ್ತ ಅರ್ಧವೂ ಆಗಿರಲಿಲ್ಲ, ಬುಡ ಒಳಕ್ಕೆ ಕುಸಿದು, ಮರ ತಿರುಚಿಕೊಂಡು ಕೊಟ್ಟಿಗೆಯ ಮೇಲೆ ಬಿತ್ತು. ದನಗಳು ಮೇಯಲು ಹೋಗಿದ್ದವು. ಗರಗಸ ಹಿಡಿದಿದ್ದಾತ ಒಂದು ಮಾರು ದೂರದಲ್ಲಿ ಉಳಿದುಕೊಂಡ. ಅವನ ಕೈ ನಡುಕ ನಿಲ್ಲಲು ಬಹಳ ಹೊತ್ತು ಬೇಕಾಯಿತು. ತಪ್ಪು ಆಳುಗಳದ್ದಷ್ಟೇ ಅಲ್ಲ, ಅಲ್ಲಿ ನಿಂತು ನೋಡುತ್ತಿದ್ದ ನಾನೂ ಮರವನ್ನು ತಟ್ಟಿ ನೋಡಿರೆಂದು ಹೇಳಿರಲಿಲ್ಲ.

ಕಡಿಯಲೇಬೇಕೇ?

ಪೊಟರೆ ಬಿದ್ದ ಮರವೆಲ್ಲ ಬೀಳುವ ಮರವಲ್ಲ. ಮರದ ಜೀವ ಇರುವುದು ತೊಗಟೆ ಮತ್ತು ಅದರ ಒಳಗಿನ ಹೊರಪದರದಲ್ಲಿ. ಗಟ್ಟಿಯಾದ ಕೊಳವೆಯಂತೆ ಈ ಹೊರಪದರವೇ ಮರವನ್ನು ನಿಲ್ಲಿಸಿರುತ್ತದೆ. ಸುತ್ತಲೂ ಗಟ್ಟಿ ಮರದ ದಪ್ಪ, ಕಾಂಡದ ತ್ರಿಜ್ಯದ ಮೂರನೇ ಒಂದು ಭಾಗದಷ್ಟಿದ್ದರೆ ಭಯ ಕಡಿಮೆ ಎಂಬುದು ಸ್ಥೂಲವಾದ ಅಳತೆ. 15 ಅಡಿ ಸುತ್ತಳತೆಯ ಮರಕ್ಕೆ ಇದು 9-10 ಅಂಗುಲ. ಪೊಟರೆಗೆ ದೊಡ್ಡ ಬಾಯಿ ತೆರೆದಿದ್ದರೆ, ಬೇರು ಕೊಳೆತಿದ್ದರೆ ಅಥವಾ ಮರ ವಾಲಿದ್ದರೆ ಈ ಅಳತೆಯನ್ನು ನಂಬುವಂತಿಲ್ಲ.

ಕೊಡಲಿಯ ಹಿಂಬದಿಯಿಂದ ಕಾಂಡವನ್ನು ಸುತ್ತಲೂ ತಟ್ಟಿರಿ. ಗಟ್ಟಿ ಇರುವಲ್ಲಿ ಒಂದು ಸದ್ದು, ಟೊಳ್ಳು ಇರುವಲ್ಲಿ ಡೊಳ್ಳಿನ ಸದ್ದು. ಸಂಶಯವಿದ್ದಲ್ಲಿ ಸಣ್ಣ ಬೈರಿಗೆಯಿಂದ ನಾಲ್ಕು ಕಡೆ ಕೊರೆದು ನೋಡಿರಿ. ಪುಡಿ ಕಪ್ಪಾಗಿ, ಬೈರಿಗೆ ಸರಕ್ಕನೆ ಒಳಗೆ ಹೋಯಿತೆಂದರೆ ಗಟ್ಟಿ ಮರ ಅಲ್ಲಿಗೆ ಮುಗಿಯಿತು. ನಾನು ಹೇಳಿದ ಹುಣಸೆಯ ಬುಡವನ್ನು ಆಮೇಲೆ ಅಳೆದಾಗ ಒಂದು ಕಡೆ 12 ಅಂಗುಲ, ಕೊಟ್ಟಿಗೆಯ ಕಡೆ ಕೇವಲ 4 ಅಂಗುಲ ಗಟ್ಟಿ ಮರವಿತ್ತು.

ಪೊಟರೆಯಲ್ಲಿ ವಾಸಿಸುವ ಗೂಬೆ, ಹಾಲಕ್ಕಿಗಳು ಹೊಲದ ಇಲಿ ಹಿಡಿಯುವ ನಮ್ಮ ಬಂಟರು. ತುಡುವೆ ಜೇನು ಸಹ ಅಲ್ಲೇ ಗೂಡು ಕಟ್ಟುತ್ತದೆ. ಆದ್ದರಿಂದ ಮರ ಮನೆಯಿಂದ ದೂರವಿದ್ದರೆ, ಮೇಲಿನ ಭಾರವಾದ ಕೊಂಬೆಗಳನ್ನಷ್ಟೇ ಇಳಿಸಿ, 10-12 ಅಡಿ ಮೋಟನ್ನು ಹಾಗೆಯೇ ಬಿಡುವುದು ಲೇಸು. ಗೂಡಿನಲ್ಲಿ ಮರಿಗಳಿದ್ದರೆ ಅವು ಹಾರಿಹೋಗುವವರೆಗೆ ಕೆಲಸ ಮುಂದೂಡಿರಿ. ಹಾವು ಇರುವ ಸಂಭವವಿರುವುದರಿಂದ ಪೊಟರೆಯೊಳಗೆ ಕೈ ಹಾಕಬಾರದು.

ಮುಂಚಿತ ಸಿದ್ಧತೆ

1. ನಮ್ಮ ರಾಜ್ಯದಲ್ಲಿ 1976ರ ಮರಗಳ ಸಂರಕ್ಷಣಾ ಕಾಯಿದೆ ಇದೆ. ವಲಯ ಅರಣ್ಯ ಅಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ, ಬೇಕಾದ ಅನುಮತಿ ಪಡೆದ ನಂತರವೇ ಕೊಡಲಿ ಹಿಡಿಯಿರಿ.

2. ಹತ್ತಿರ ವಿದ್ಯುತ್ ತಂತಿ ಇದ್ದರೆ ಲೈನ್‌ಮನ್ ಬಂದು ವಿದ್ಯುತ್ ನಿಲ್ಲಿಸುವವರೆಗೆ ಕಾಯಿರಿ.

3. ಹುಣಸೆಯಾದರೆ ಹಣ್ಣು ಬಡಿದ ಮೇಲೆ, ಮುಂಗಾರು ಪೂರ್ವದ ಬಿರುಗಾಳಿ ಆರಂಭವಾಗುವ ಮೊದಲು, ಗಾಳಿಯಿಲ್ಲದ ಬೆಳಗಿನ ಹೊತ್ತನ್ನು ಆರಿಸಿಕೊಳ್ಳಿರಿ.

4. ಕೊಂಬೆಗಳಲ್ಲಿ ಹೆಜ್ಜೇನು ಇದ್ದರೆ ಆ ದಿನ ಕೆಲಸವೇ ಬೇಡ.

5. ಮರದ ಎತ್ತರದ ಎರಡರಷ್ಟು ದೂರದೊಳಗೆ ಜನ, ಜಾನುವಾರು ಇರಬಾರದು.

ನಾಲ್ಕು ಜನ ಸಾಕು. ಒಬ್ಬರು ಕೊಯ್ಯಲು, ಒಬ್ಬರು ಹಗ್ಗ ಹಿಡಿಯಲು, ಒಬ್ಬರು ಬಿದ್ದ ಸೊಪ್ಪು ಸದೆ ಸರಿಸಲು, ಇನ್ನೊಬ್ಬರು ಕಾವಲಿಗೆ. ಅಪ್ಪಣೆ ಮಾತ್ರ ಒಬ್ಬರದೇ ಆಗಿರಬೇಕು. ಆದರೆ "ನಿಲ್ಲಿಸಿ" ಎನ್ನುವ ಅಧಿಕಾರ ನಾಲ್ವರಿಗೂ ಇರಲಿ.

ಮೇಲಿನಿಂದ ಕೆಳಕ್ಕೆ

ದೊಡ್ಡ ಮರವನ್ನು ಇಡಿಯಾಗಿ ಬೀಳಿಸಲು ಹೋಗಬೇಡಿ, ತುಂಡು ತುಂಡಾಗಿ ಇಳಿಸಿರಿ. ಒಂದು ಅಡಿ ದಪ್ಪ, ಹತ್ತು ಅಡಿ ಉದ್ದದ ಹಸಿ ಕೊಂಬೆ 200 ಕಿಲೋಗ್ರಾಂಗೂ ಹೆಚ್ಚು ತೂಗುತ್ತದೆ. ಅದು ಬಿದ್ದು ಹಗ್ಗಕ್ಕೆ ಜಗ್ಗಿದಾಗ ಈ ಭಾರ ಹಲವು ಪಟ್ಟು ಹೆಚ್ಚುತ್ತದೆ. ಆದ್ದರಿಂದ ತುಂಡುಗಳು ಚಿಕ್ಕವಾಗಿರಲಿ. ಮರ ಒಂದೇ ಕಡೆಗೆ ಭಾರವಾಗದಂತೆ, ಸುತ್ತಲೂ ಸಮನಾಗಿ ಕೊಂಬೆಗಳನ್ನು ತೆಗೆಯುತ್ತಾ ಬನ್ನಿ.

ಕೊಂಬೆಯ ಅಡಿಯಿಂದ ಮೂರನೇ ಒಂದು ಭಾಗದಷ್ಟು ಕೊಯ್ದು, ಸ್ವಲ್ಪ ಮುಂದೆ ಮೇಲಿನಿಂದ ಕೊಯ್ದರೆ ಸಿಗಿದುಕೊಂಡು ಬರುವುದಿಲ್ಲ. ಹತ್ತುವವರು ತಮ್ಮ ಸೊಂಟದ ಹಗ್ಗವನ್ನು ಕೊಯ್ಯುವ ಕೊಂಬೆಗೆ ಎಂದೂ ಕಟ್ಟಬಾರದು. ತಟ್ಟಿದಾಗ ಕಾಂಡವೆಲ್ಲ ಟೊಳ್ಳೆಂದು ತಿಳಿದರೆ ಹತ್ತಲೇಬಾರದು. ಯಂತ್ರದ ತೊಟ್ಟಿಲನ್ನು ಬಾಡಿಗೆಗೆ ತರಿಸಿರಿ. ಬಾಡಿಗೆ ಹೆಚ್ಚಾಯಿತೆಂದು ಜೀವ ಒತ್ತೆ ಇಡುವುದು ಬೇಡ.

ಕೊನೆಯ ಮೋಟು

ಗಟ್ಟಿ ಮರದಲ್ಲಿ ಬೀಳುವ ಕಡೆ ಕಚ್ಚು ಹಾಕಿ, ಹಿಂದಿನಿಂದ ಕೊಯ್ದು, ನಡುವೆ ಒಂದು ಪಟ್ಟಿ ಮರ ಬಿಡುತ್ತೇವೆ. ಬಾಗಿಲಿಗೆ ಬಿಜಾಗರಿ ಇದ್ದಂತೆ ಈ ಪಟ್ಟಿಯೇ ಮರಕ್ಕೆ ದಾರಿ ತೋರಿಸುತ್ತದೆ. ಪೊಟರೆ ಮರದಲ್ಲಿ ಪಟ್ಟಿಯ ನಡುಭಾಗವೇ ಇರುವುದಿಲ್ಲ, ಎರಡು ಅಂಚುಗಳು ಮಾತ್ರ ಹಿಡಿದಿರುತ್ತವೆ. ಆದ್ದರಿಂದ ಕೆಳಗಿನ ಅಂಶಗಳನ್ನು ಗಮನದಲ್ಲಿಡಬೇಕು:

1. ಬುಡದಲ್ಲಿ ಕೊಳೆ ಹೆಚ್ಚಿದ್ದರೆ, ಎದೆಮಟ್ಟ ಮೀರದಂತೆ, ಗೋಡೆ ದಪ್ಪವಿರುವ ಎತ್ತರದಲ್ಲಿ ಕೊಯ್ಯಿರಿ.

2. ಕಚ್ಚು ಆಳ ಬೇಡ. ವ್ಯಾಸದ ಐದನೇ ಒಂದು ಭಾಗ ಸಾಕು.

3. ಎರಡು ಅಂಚುಗಳಲ್ಲೂ ಪಟ್ಟಿಯನ್ನು ಮಾಮೂಲಿಗಿಂತ ದಪ್ಪವಾಗಿ ಉಳಿಸಿರಿ.

4. ಕೊಯ್ತದ ಮೇಲ್ಭಾಗದಲ್ಲಿ ಕಾಂಡಕ್ಕೆ ಸರಪಳಿ ಬಿಗಿಯಿರಿ. ಉದ್ದಕ್ಕೆ ಸೀಳುವುದನ್ನು ಇದು ತಡೆಯುತ್ತದೆ.

5. ಬೆಣೆಯನ್ನು ನಂಬಬೇಡಿ, ಒಳಗೆ ಅದಕ್ಕೆ ಆಸರೆ ಇರುವುದಿಲ್ಲ. ಮೋಟಿನ ತುದಿಗೆ ಮೊದಲೇ ಹಗ್ಗ ಕಟ್ಟಿ, ಮೋಟಿನ ಎತ್ತರದ ಎರಡರಷ್ಟಾದರೂ ದೂರದಿಂದ ಟ್ರ್ಯಾಕ್ಟರಿನಿಂದ ನಿಧಾನವಾಗಿ ಎಳೆಯಿರಿ.

6. ಕೊಯ್ಯುವವರು ಓರೆಯಾಗಿ ಹಿಂದಕ್ಕೆ ಸರಿಯುವ ದಾರಿಯನ್ನು ಮುಂಚೆಯೇ ಸವರಿಟ್ಟುಕೊಳ್ಳಬೇಕು. ಮೊದಲ ಸದ್ದಿಗೇ ಸರಿಯಬೇಕು.

ಕೆಲವರು ಪೊಟರೆಗೆ ಬೆಂಕಿ ಹಾಕುತ್ತಾರೆ. ಇದು ಬಹಳ ಅಪಾಯ. ಪೊಟರೆ ಒಲೆಯ ಹೊಗೆಕೊಳವೆಯಂತೆ ಗಾಳಿ ಎಳೆದುಕೊಂಡು ದಿನಗಟ್ಟಲೆ ಒಳಗೊಳಗೇ ಉರಿಯುತ್ತದೆ. ಮರ ಯಾವ ಗಳಿಗೆಯಲ್ಲಿ, ಯಾವ ಕಡೆ ಬೀಳುತ್ತದೆಂದು ಯಾರೂ ಹೇಳಲಾರರು.

ಅರ್ಧ ಕೊಯ್ದ ಮರವನ್ನು ರಾತ್ರಿಗೆ ಹಾಗೆಯೇ ಬಿಟ್ಟು ಹೋಗುವುದೂ ಸಲ್ಲದು. ಹಗಲು ಸಾಲದೆಂದು ಕಂಡರೆ ಕೊನೆಯ ಮೋಟನ್ನು ಮುಟ್ಟದೆ ಮಾರನೆಯ ದಿನಕ್ಕೆ ಉಳಿಸಿರಿ.

ಬಾಂಧವರೇ, ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ಈ ಕೆಲಸಕ್ಕೇ ಹೇಳಿದಂತಿದೆ. ಎರಡು ದಿನದ ಕೆಲಸ ನಾಲ್ಕು ದಿನವಾಗಲಿ, ಬಂದ ನಾಲ್ವರೂ ಸಂಜೆ ತಮ್ಮ ಮನೆಗೆ ನಡೆದು ಹೋಗಬೇಕು. ಪೊಟರೆಯ ಕೊಳೆತ ಪುಡಿಯನ್ನು ಗೊಬ್ಬರದ ಗುಂಡಿಗೆ ಹಾಕಿರಿ. ಒಂದು ಟೊಳ್ಳು ತುಂಡನ್ನು ಜೇನಿನ ಗೂಡಿಗೆಂದು ತೋಟದ ಅಂಚಿನಲ್ಲಿಡಿರಿ. ಮುಂಗಾರು ಬಿದ್ದ ಮೇಲೆ ಮನೆಯಿಂದ ಸಾಕಷ್ಟು ದೂರದಲ್ಲಿ ಎರಡು ಸಸಿಗಳನ್ನು ನೆಡಲು ಮರೆಯಬೇಡಿ. ಅಜ್ಜ ನೆಟ್ಟಿದ್ದನ್ನು ನಾವು ಉಂಡೆವು, ಮೊಮ್ಮಕ್ಕಳಿಗೂ ಒಂದು ನೆರಳು ಬೇಕಲ್ಲವೇ?