ಪಾಸ್‌ಬುಕ್ಕಿನಲ್ಲಿ ಯಾರ ಹೆಸರು?

ಮಹಿಳಾ ಸಬಲೀಕರಣ ಮತ್ತು ದೇಶದ ಆರ್ಥಿಕ ಬೆಳವಣಿಗೆ: ದತ್ತಿ ಉಪನ್ಯಾಸದ ಮುದ್ರಿತ ರೂಪ



ಮಕ್ಕಳು ತಾಯಿಯ ನೆನಪಿಗೆಂದು ಇಟ್ಟ ದತ್ತಿ ಇದು. ಆ ತಾಯಿ ಎರಡು ಎಮ್ಮೆ ಕಟ್ಟಿಕೊಂಡು ನಾಲ್ಕು ಮಕ್ಕಳನ್ನು ಓದಿಸಿದರೆಂದು ಪ್ರಾಸ್ತಾವಿಕ ಮಾತಿನಲ್ಲಿ ಈಗಷ್ಟೇ ಕೇಳಿದೆವು. ಕೇಳುತ್ತಿದ್ದಂತೆ ನನಗೊಂದು ಪ್ರಶ್ನೆ ಬಂತು: ಆ ಎಮ್ಮೆಗಳ ಹಾಲು ಡೇರಿಗೆ ಹೋಗುತ್ತಿದ್ದಾಗ ಪಾಸ್‌ಬುಕ್ಕಿನಲ್ಲಿ ಯಾರ ಹೆಸರಿತ್ತು? ವೇದಿಕೆಯ ಮೇಲೆ ಕೂತು ಹಾಗೆಲ್ಲ ಕೇಳಬಾರದೆಂದು ಸುಮ್ಮನಾದೆ. ಆದರೆ ನನ್ನ ಇವತ್ತಿನ ಉಪನ್ಯಾಸವೆಲ್ಲ ಆ ಪ್ರಶ್ನೆಯ ಸುತ್ತಲೇ ಇದೆ.

ನನ್ನ ಅತ್ತೆಯ ಊರು ಮಂಡ್ಯ ಜಿಲ್ಲೆಯದು. ಅಲ್ಲಿ ಬೆಳಗಿನ ಡೇರಿ ತೆರೆಯುವ ಹೊತ್ತಿಗೆ ಅತ್ತೆಯ ಎರಡು ಗಂಟೆಯ ಕೆಲಸ ಮುಗಿದಿರುತ್ತಿತ್ತು. ಕೊಟ್ಟಿಗೆ ಬಾಚಿ, ಸಗಣಿ ತಿಪ್ಪೆಗೆ ಹಾಕಿ, ಹಿಂಡಿ-ಬೂಸ ಕಲಸಿಟ್ಟು, ಕರು ಬಿಟ್ಟು, ಹಾಲು ಕರೆದು, ಕ್ಯಾನು ಹಿಡಿದು ಸಾಲಿನಲ್ಲಿ ನಿಲ್ಲುತ್ತಿದ್ದರು. ಸಾಲಿನಲ್ಲಿ ಹೆಚ್ಚಿನವರು ಹೆಂಗಸರೇ. "ನಂಬರ್ ಎಷ್ಟಮ್ಮ?" ಎಂದು ಕೇಳಿದರೆ ಅತ್ತೆ ಥಟ್ಟನೆ ಸದಸ್ಯ ಸಂಖ್ಯೆ ಹೇಳುತ್ತಿದ್ದರು. ಜಿಡ್ಡಿನ ಅಂಶ, ಲೀಟರು, ದರ ಎಲ್ಲ ನಮೂದಾಗಿ ಯಂತ್ರದಿಂದ ಚೀಟಿ ಬರುತ್ತಿತ್ತು. ಹೆಸರು ಮಾತ್ರ ಮಾವನದು. ಮಾವ ತೀರಿಕೊಂಡು ಎರಡು ವರ್ಷವಾದ ಮೇಲೂ ಚೀಟಿಯ ಪ್ರಕಾರ ಅವರೇ ದಿನಾ ಎರಡು ಹೊತ್ತು ಹಾಲು ಹಾಕುತ್ತಿದ್ದರು.

ನಕ್ಕುಬಿಡಬಹುದಾದ ಸಂಗತಿ. ಆದರೆ ಒಂದು ದೇಶದ ಲೆಕ್ಕವೂ ಹೀಗೆಯೇ ನಡೆಯುತ್ತದೆ ಎಂಬುದನ್ನು ಮೊದಲು ನೋಡೋಣ.

ಲೆಕ್ಕಕ್ಕೆ ಬರುವ ಹಾಲು, ಬಾರದ ಅನ್ನ

ಜಿಡಿಪಿಯ ಲೆಕ್ಕಕ್ಕೆ ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ಪದ್ಧತಿಯೊಂದಿದೆ. ಅದರ ಪ್ರಕಾರ ಕರೆದ ಹಾಲು ಉತ್ಪಾದನೆ. ಮನೆಯಲ್ಲೇ ಕುಡಿದರೂ ಅದು ಲೆಕ್ಕಕ್ಕೆ ಸೇರಬೇಕು. ಅದೇ ಹೆಂಗಸು ಒಳಗೆ ಬಂದು ಬೇಯಿಸಿದ ಅನ್ನ, ತೊಳೆದ ಮುಸುರೆ, ಮಲಗಿಸಿದ ಮಗು, ಹಾಸಿಗೆ ಹಿಡಿದ ಮಾವನ ಆರೈಕೆ ಲೆಕ್ಕಕ್ಕಿಲ್ಲ. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಎ.ಸಿ. ಪಿಗೂ ಒಂದು ನೂರು ವರ್ಷದ ಹಿಂದೆಯೇ ಈ ವಿಚಿತ್ರವನ್ನು ಎತ್ತಿ ತೋರಿಸಿದ್ದ: ಒಬ್ಬಾತ ತನ್ನ ಮನೆಯ ಅಡುಗೆಯವಳನ್ನು ಮದುವೆಯಾದರೆ ಆಕೆಯ ಕೆಲಸ ಕಡಿಮೆಯಾಗುವುದಿಲ್ಲ, ದೇಶದ ಆದಾಯ ಮಾತ್ರ ಕಡಿಮೆಯಾಗುತ್ತದೆ.

ಹೀಗೆ ಹೆಣ್ಣಿನ ದುಡಿಮೆ ಎರಡು ಬಗೆಯಲ್ಲಿ ಮರೆಯಾಗುತ್ತದೆ. ಅಡುಗೆಮನೆಯ ದುಡಿಮೆಗೆ ಲೆಕ್ಕವೇ ಇಲ್ಲ. ಕೊಟ್ಟಿಗೆಯ ದುಡಿಮೆಗೆ ಲೆಕ್ಕವಿದೆ, ಆದರೆ ಅದು ಇನ್ನೊಬ್ಬರ ಹೆಸರಿನಲ್ಲಿದೆ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಿದ್ದರೆ ಗಂಡಸರು 88 ನಿಮಿಷ ಕೊಡುತ್ತಿದ್ದರು. ಹತ್ತಿರ ಹತ್ತಿರ ಐದು ಗಂಟೆ! ಉಳಿದ ಹೊತ್ತಿನಲ್ಲಿ ಆಕೆ ಎಷ್ಟು ದೂರ ಹೋಗಬಲ್ಲಳು, ಎಂಥ ಕೆಲಸ ಹಿಡಿಯಬಲ್ಲಳು ಎಂಬುದನ್ನು ಈ ಐದು ಗಂಟೆ ತೀರ್ಮಾನಿಸುತ್ತದೆ.

ಆದ್ದರಿಂದ "ಹೆಂಗಸರು ದುಡಿಯಲು ಹೊರಟರೆ ದೇಶ ಬೆಳೆಯುತ್ತದೆ" ಎಂಬ ಮಾತನ್ನು ನಾನು ಹಾಗೆಯೇ ಒಪ್ಪುವುದಿಲ್ಲ. ಹೆಂಗಸರು ದುಡಿಯದೆ ಕೂತದ್ದು ಯಾವಾಗ? ದುಡಿಮೆಯ ಫಲದ ಮೇಲೆ ಆಕೆಯ ಹೆಸರು ಬಂದಾಗ ಏನಾಗುತ್ತದೆ ಎಂಬುದೇ ಕೇಳಬೇಕಾದ ಪ್ರಶ್ನೆ.

ಬೆಳವಣಿಗೆಯೊಂದೇ ಸಾಲದು

ದೇಶ ಶ್ರೀಮಂತವಾಗುತ್ತಾ ಹೋದರೆ ಹೆಣ್ಣಿನ ಸ್ಥಿತಿ ತಾನಾಗಿ ಸುಧಾರಿಸುತ್ತದೆ ಎಂಬ ನಂಬಿಕೆಯೊಂದಿದೆ. 2023ರ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್ ಇದು ಅಷ್ಟು ಸರಳವಲ್ಲ ಎಂದು ತೋರಿಸಿದರು. ಬೇಸಾಯದ ಕಾಲದಲ್ಲಿ ಹೆಚ್ಚು ಹೆಂಗಸರು ಹೊಲದಲ್ಲಿ ದುಡಿಯುತ್ತಾರೆ. ಕಾರ್ಖಾನೆಗಳು ಬಂದಾಗ, ಮನೆಯ ಆದಾಯ ಏರಿದಾಗ ಹಿಂದೆ ಸರಿಯುತ್ತಾರೆ. ವಿದ್ಯೆ ಹರಡಿ ಕಚೇರಿ ಕೆಲಸಗಳು ಬೆಳೆದಾಗ ಮತ್ತೆ ಹೊರಗೆ ಬರುತ್ತಾರೆ. ಇಳಿದು ಏರುವ ಕೆರೆಯ ತಳದಂಥ ರೇಖೆ ಅದು.

ನಮ್ಮ ದೇಶ ಆ ತಳದಲ್ಲಿ ಬಹಳ ಕಾಲ ನಿಂತಿತು. 2004-05ರಿಂದ 2017-18ರವರೆಗೆ ಭಾರತದ ಆರ್ಥಿಕತೆ ವೇಗವಾಗಿ ಬೆಳೆಯಿತು, ದುಡಿಮೆಯ ಲೆಕ್ಕದಲ್ಲಿ ಹೆಂಗಸರ ಪಾಲು ಕುಸಿಯುತ್ತಲೇ ಹೋಯಿತು. 2017-18ರಲ್ಲಿ 15 ವರ್ಷ ಮೇಲ್ಪಟ್ಟ ಹೆಂಗಸರಲ್ಲಿ ದುಡಿಮೆಗಾರರು ಮತ್ತು ಕೆಲಸ ಹುಡುಕುವವರು ಸೇರಿ ಶೇ. 23.3 ಮಾತ್ರ. 2023-24ಕ್ಕೆ ಅದು ಶೇ. 41.7ಕ್ಕೆ ಏರಿತು. ಸಂತೋಷಪಡಬೇಕಾದ ಏರಿಕೆಯೇ. ಆದರೆ ಒಳಹೊಕ್ಕು ನೋಡಿದರೆ ದುಡಿಯುವ ಹೆಂಗಸರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚಿನವರು "ಮನೆಯ ಉದ್ಯಮದ ಸಂಬಳವಿಲ್ಲದ ಸಹಾಯಕರು". ಅಂದರೆ ನನ್ನ ಅತ್ತೆ ಕೊನೆಗೂ ಸಮೀಕ್ಷೆಯ ಕಣ್ಣಿಗೆ ಬಿದ್ದಿದ್ದಾರೆ, ಚೀಟಿಯ ಮೇಲೆ ಇನ್ನೂ ಬಂದಿಲ್ಲ.

ಸ್ವಂತ ಖಾತೆಯ ಪವಾಡ

ಹೆಸರು ಬಂದರೆ ಏನಾಗುತ್ತದೆ ಎಂಬುದಕ್ಕೆ ಮಧ್ಯಪ್ರದೇಶದಿಂದ ಒಂದು ಒಳ್ಳೆಯ ಪುರಾವೆಯಿದೆ. ಅಲ್ಲಿ ಉದ್ಯೋಗ ಖಾತ್ರಿಯ ಕೂಲಿ ಸಾಮಾನ್ಯವಾಗಿ ಮನೆಯ ಒಂದೇ ಖಾತೆಗೆ, ಎಂದರೆ ಗಂಡನ ಖಾತೆಗೆ ಹೋಗುತ್ತಿತ್ತು. ಅರ್ಥಶಾಸ್ತ್ರಜ್ಞರ ತಂಡವೊಂದು ಕೆಲವು ಹೆಂಗಸರಿಗೆ ಸ್ವಂತ ಖಾತೆ ತೆರೆಸಿ, ಕೂಲಿ ನೇರ ಅದಕ್ಕೇ ಬರುವಂತೆ ಮಾಡಿ, ಖಾತೆ ಬಳಸುವುದನ್ನೂ ಕಲಿಸಿತು. ಕೂಲಿಯ ದರ ಒಂದು ಪೈಸೆಯೂ ಬದಲಾಗಿರಲಿಲ್ಲ. ಆದರೂ ಆ ಹೆಂಗಸರು ಹೆಚ್ಚು ದಿನ ದುಡಿದರು, ಸರ್ಕಾರಿ ಕೆಲಸದಲ್ಲಷ್ಟೇ ಅಲ್ಲ, ಖಾಸಗಿಯವರ ಬಳಿಯೂ. ಹೆಂಗಸು ದುಡಿಯಲು ಹೋಗುವುದು ಮನೆಗೆ ಅವಮಾನವೆಂಬ ಭಾವನೆಯೂ ಸಡಿಲವಾಯಿತು. 2021ರಲ್ಲಿ ಪ್ರಕಟವಾದ ಈ ಅಧ್ಯಯನವನ್ನು ನಾನು ತರಗತಿಯಲ್ಲಿ ಪ್ರತಿ ವರ್ಷ ಪಾಠ ಮಾಡುತ್ತೇನೆ. ಹೊಸ ಕಾರ್ಖಾನೆಯಿಲ್ಲ, ಹೊಸ ಸಬ್ಸಿಡಿಯಿಲ್ಲ. ಒಂದು ಸಾಲಿನ ಹೆಸರು ಬದಲಾಯಿತು, ದುಡಿಮೆ ಹೆಚ್ಚಿತು.

ನಮ್ಮ ರಾಜ್ಯದ ಕಥೆ ಇನ್ನೂ ಸ್ವಾರಸ್ಯದ್ದು. ಕನ್ನಡದಲ್ಲಿ "ನಮ್ಮ ಯಜಮಾನ್ರು" ಎಂದರೆ ಗಂಡ. "ಯಜಮಾನಿ" ಎಂಬ ಮಾತು ನಮ್ಮಲ್ಲಿ ಇತ್ತು, ಕಚೇರಿಯ ಕಾಗದದಲ್ಲಿ ಇರಲಿಲ್ಲ. 2013ರ ಆಹಾರ ಭದ್ರತಾ ಕಾಯ್ದೆ ಪಡಿತರ ಚೀಟಿಗೆ 18 ವರ್ಷ ತುಂಬಿದ ಹಿರಿಯ ಹೆಣ್ಣುಮಗಳೇ ಮನೆಯ ಮುಖ್ಯಸ್ಥೆ ಎಂದಿತು. ಆಗ ಯಾರೂ ದೊಡ್ಡದೆಂದು ಎಣಿಸದ ನಿಯಮ ಅದು. ಹತ್ತು ವರ್ಷದ ಬಳಿಕ, 2023ರ ಆಗಸ್ಟಿನಲ್ಲಿ ಗೃಹಲಕ್ಷ್ಮಿ ಯೋಜನೆ ಬಂದಾಗ ತಿಂಗಳ 2,000 ರೂಪಾಯಿ ಹೋಗಬೇಕಾದ ವಿಳಾಸ ಆ ಚೀಟಿಯಲ್ಲೇ ಸಿದ್ಧವಾಗಿತ್ತು. ಈ ಹಣ ದಾನವೋ ಹಕ್ಕೋ, ಬೊಕ್ಕಸಕ್ಕೆ ಭಾರವೋ ಎಂಬ ಚರ್ಚೆ ನಡೆಯಲಿ, ನಡೆಯಬೇಕು. ಆದರೆ ಹಣ ಬಂತೇ ಎಂದು ನೋಡಲು ಬ್ಯಾಂಕಿನ ಮೆಟ್ಟಿಲು ಹತ್ತಿದ ಹೆಂಗಸು, ಅದೇ ವರ್ಷ ಜೂನ್ 11ರಿಂದ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಹಿಡಿದು ಬಸ್ಸು ಹತ್ತಿದ ಹೆಂಗಸು, ಯಾರನ್ನೂ ಕೇಳದೆ ಹೋಗಿಬರುವ ಒಂದು ಅಭ್ಯಾಸ ಕಲಿಯುತ್ತಾಳೆ. ಬಸ್ ಚಾರ್ಜಿಗೆ ಹೆದರಿ ಪಕ್ಕದ ಬೀದಿಯ ಕಡಿಮೆ ಸಂಬಳಕ್ಕೆ ಒಗ್ಗಿಕೊಂಡವಳು ಪಕ್ಕದ ಪಟ್ಟಣದ ಸಂಬಳ ವಿಚಾರಿಸಬಹುದು. ಅದೂ ಆರ್ಥಿಕತೆಯೇ.

ಪಹಣಿ ಮತ್ತು ಅರಿಶಿನ-ಕುಂಕುಮ

ಎಲ್ಲಕ್ಕಿಂತ ಕಠಿಣವಾದ ಹೆಸರು ಪಹಣಿಯದು. ಭೂಮಿ ಇದ್ದವರಿಗೆ ಬೆಳೆ ಸಾಲ, ವಿಮೆ, ಪರಿಹಾರ. ಪಹಣಿಯಲ್ಲಿ ಹೆಸರಿಲ್ಲದ ರೈತ ಮಹಿಳೆ ಕಾಗದದ ಮೇಲೆ ರೈತಳೇ ಅಲ್ಲ. 2015-16ರ ಕೃಷಿ ಗಣತಿಯ ಪ್ರಕಾರ ದೇಶದ ಸಾಗುವಳಿ ಹಿಡುವಳಿಗಳಲ್ಲಿ ಹೆಂಗಸರ ಹೆಸರಿನವು ಸುಮಾರು ಶೇ. 14 ಮಾತ್ರ.

ಕಾನೂನಿನಲ್ಲಿ ನಾವು ಹಿಂದೆ ಬಿದ್ದವರಲ್ಲ. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಮಹಿಳೆಯರ ಹಕ್ಕುಗಳ ಕಾಯ್ದೆ ತಂದು ಪಾಲು ವಿಭಾಗದಲ್ಲಿ ಅವರಿಗೂ ಜಾಗ ಮಾಡಿತು. 1994ರಲ್ಲಿ ಕರ್ನಾಟಕವೂ ಮಹಾರಾಷ್ಟ್ರವೂ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಸಮಪಾಲು ಕೊಟ್ಟವು. ಕೇಂದ್ರದ ಕಾಯ್ದೆ ಅದನ್ನು ಮಾಡಿದ್ದು 2005ರಲ್ಲಿ. ತಿದ್ದುಪಡಿಗೆ ಮೊದಲೇ ಮದುವೆಯಾಗಿದ್ದವರಿಗೆ ರಾಜ್ಯದ ಈ ಹಕ್ಕು ಸಿಗಲಿಲ್ಲ. ತಂದೆ ತಿದ್ದುಪಡಿಗೆ ಮೊದಲು ತೀರಿಕೊಂಡ ಮನೆಗಳನ್ನೂ ನಂತರ ತೀರಿಕೊಂಡ ಮನೆಗಳನ್ನೂ ಹೋಲಿಸಿ ನೋಡುವ ಅವಕಾಶ ಸಂಶೋಧಕರಿಗೆ ದೊರೆಯಿತು. ಕ್ಲಾಸ್ ಡೈನಿಂಗರ್ ಮತ್ತು ಸಂಗಡಿಗರು ಈ ಎರಡು ರಾಜ್ಯಗಳ ಕುಟುಂಬಗಳನ್ನು ಅಧ್ಯಯನ ಮಾಡಿದಾಗ ಕಂಡದ್ದು: ಹೆಣ್ಣುಮಕ್ಕಳಿಗೆ ಭೂಮಿ ಬರುವ ಸಾಧ್ಯತೆ ಹೆಚ್ಚಿತು, ಆದರೆ ಗಂಡುಮಕ್ಕಳ ಸಮಕ್ಕೆ ಬರಲಿಲ್ಲ. ಜೊತೆಗೆ ಹುಡುಗಿಯರ ಓದು ಮುಂದುವರಿಯಿತು, ಮದುವೆಯ ವಯಸ್ಸು ಏರಿತು. ಹೊಲದ ಮೇಲಿನ ಹಕ್ಕು ಶಾಲೆಯ ಹಾಜರಿ ಪುಸ್ತಕದಲ್ಲಿ ಕಾಣಿಸಿಕೊಂಡಿತು. ಮುಂದಿನ ಪೀಳಿಗೆಯ ಬೆಳವಣಿಗೆ ಶುರುವಾಗುವುದು ಅಲ್ಲಿಂದ.

ಸಮಕ್ಕೆ ಏಕೆ ಬರಲಿಲ್ಲ? ಇದಕ್ಕೆ ಉತ್ತರ ಹುಡುಕಲು ನಾನು ಗ್ರಂಥಾಲಯಕ್ಕೆ ಹೋಗಬೇಕಿಲ್ಲ. ಅಪ್ಪ ಹೋದ ಮರುವರ್ಷ ತವರಿನಿಂದ ಫೋನು ಬಂತು: "ಅಕ್ಕ, ಒಂದಿನ ರಜೆ ಹಾಕ್ಕೊಂಡು ಬಾ, ಒಂದು ಸಹಿ ಬೇಕಾಗಿತ್ತು." ಉಪನೋಂದಣಾಧಿಕಾರಿ ಕಚೇರಿಯ ಜಗಲಿಯಲ್ಲಿ ನಾನೂ ತಂಗಿಯೂ ಕೂತೆವು. ಹಕ್ಕು ಬಿಡುಗಡೆ ಪತ್ರ ಟೈಪಾಗಿ ಬಂತು. ಹೆಬ್ಬೆಟ್ಟು, ಫೋಟೋ, ಸಹಿ. ಹತ್ತು ನಿಮಿಷದ ಕೆಲಸ. ಮಧ್ಯಾಹ್ನ ಮನೆಯಲ್ಲಿ ಒಬ್ಬಟ್ಟಿನ ಊಟ, ಸಂಜೆ ಮಡಿಲಿಗೆ ರೇಷ್ಮೆ ಸೀರೆ, ಅರಿಶಿನ-ಕುಂಕುಮ. ತಮ್ಮ ಒತ್ತಾಯ ಮಾಡಲಿಲ್ಲ, ಮೋಸವನ್ನೂ ಮಾಡಲಿಲ್ಲ. "ಪಾಲು ಕೇಳಿದರೆ ತವರು ಇರುತ್ತದಾ?" ಎಂದು ನನ್ನನ್ನು ಕೇಳಿದ್ದು ನನ್ನೊಳಗಿನ ಅಳುಕು. ಸಮಪಾಲಿನ ಕಾಯ್ದೆಯ ಮೇಲೆ ಮರುವಾರವೇ ಪಾಠವಿತ್ತು. ಮಾಡಿದೆ. ಯಾವ ಹಕ್ಕಿಗೆ ತವರನ್ನೇ ಬೆಲೆಯಾಗಿ ತೆರಬೇಕೋ ಆ ಹಕ್ಕು ಬಹುಪಾಲು ಕಾಗದದಲ್ಲೇ ಉಳಿಯುತ್ತದೆ ಎಂಬುದನ್ನು ಆ ದಿನ ಪಠ್ಯದಲ್ಲಿಲ್ಲದಿದ್ದರೂ ಹೇಳಿದೆ.

ಸಾಲದ ಮೇಲೆ ಮಾತ್ರ ಆಕೆಯ ಹೆಸರು

ಒಂದು ಕಡೆ ಮಾತ್ರ ಹೆಣ್ಣಿನ ಹೆಸರನ್ನು ಎಲ್ಲರೂ ಖುಷಿಯಿಂದ ಬರೆಯುತ್ತಾರೆ: ಸಾಲದ ಪುಸ್ತಕದಲ್ಲಿ. ಇದರ ಒಳ್ಳೆಯ ಮುಖ ನಮ್ಮ ನೆಲದಲ್ಲೇ ಮೂಡಿತು. 1980ರ ದಶಕದಲ್ಲಿ ಮೈರಾಡ ಸಂಸ್ಥೆ ಹಳ್ಳಿಗಳಲ್ಲಿ ಸಣ್ಣ ಉಳಿತಾಯ ಗುಂಪುಗಳನ್ನು ಬೆಳೆಸಿತು. ಆ ಅನುಭವದ ಬಲದ ಮೇಲೆ ನಬಾರ್ಡ್ 1992ರಲ್ಲಿ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಆರಂಭಿಸಿತು. ಇವತ್ತು ಊರೂರಲ್ಲಿ "ಸಂಘ" ಎಂದರೆ ಸಾಕು, ಯಾವ ಸಂಘವೆಂದು ಯಾರೂ ಕೇಳುವುದಿಲ್ಲ. ವಾರವಾರ ಕೂತು, ತಮ್ಮದೇ ಉಳಿತಾಯಕ್ಕೆ ತಾವೇ ನಿಯಮ ಹಾಕಿಕೊಂಡು, ತಪ್ಪಿದವಳಿಗೆ ತಾವೇ ದಂಡ ಹಾಕಿದ ಹೆಂಗಸರ ಸಂಘ ಅದು.

ಉಳಿತಾಯ ಬಿಟ್ಟು ಬರಿಯ ಸಾಲ ಹಂಚುವ ಕಂಪನಿಗಳು ಬಂದಾಗ ಚಿತ್ರ ಬದಲಾಯಿತು. ಹೆಂಡತಿಯ ಹೆಸರಿನಲ್ಲಿ ಸಾಲ, ಗಂಡನ ಕೈಯಲ್ಲಿ ಖರ್ಚು, ಕಂತಿನ ದಿನ ಬಾಗಿಲಲ್ಲಿ ಉತ್ತರ ಹೇಳಬೇಕಾದವಳು ಅವಳೇ. ಹೈದರಾಬಾದಿನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಪ್ರಸಿದ್ಧ ಪ್ರಯೋಗವೊಂದು ಕಿರುಸಾಲದಿಂದ ಮನೆಯಲ್ಲಿ ಹೆಣ್ಣಿನ ಮಾತಿಗೆ ತೂಕ ಹೆಚ್ಚಿದ್ದನ್ನು ಕಾಣಲಿಲ್ಲ. ವಸೂಲಿಯ ಕಿರುಕುಳ ತಡೆಯಲು ನಮ್ಮ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಹೆಸರು ಬರೆದರೆ ಸಾಲದು. ಹೊಣೆಯೊಂದಿಗೆ ಹಿಡಿತವೂ ಬರಬೇಕು.

ಹಿಡಿತವೆಂದರೆ ಏನೆಂದು 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ದೇಶಕ್ಕೆ ತೋರಿಸಿದರು. ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ನಿಯಮ ಬಂದಿತ್ತು. ಮಗಳ ಫೀಸಿಗೆ, ಮನೆಯ ಅಡ್ವಾನ್ಸಿಗೆ, ಆಸ್ಪತ್ರೆಗೆ ಆ ಹಣವನ್ನೇ ನಂಬಿದ್ದವರು ಅವರು. ಮುಂದೆ ನಿಂತು ಕರೆ ಕೊಟ್ಟ ದೊಡ್ಡ ನಾಯಕರಿಲ್ಲದೆ ಸಾವಿರಾರು ಮಂದಿ ಹೊಲಿಗೆ ಯಂತ್ರ ಬಿಟ್ಟು ಹೆದ್ದಾರಿಗೆ ಬಂದರು. ಏಪ್ರಿಲ್ 19ರಂದು ಕೇಂದ್ರ ಸರ್ಕಾರ ನಿಯಮ ಹಿಂತೆಗೆದುಕೊಂಡಿತು. ಹಿಂಸೆಯೂ ನಡೆಯಿತು, ಅದನ್ನು ಮೆಚ್ಚಬೇಕಿಲ್ಲ. ಆದರೆ ತನ್ನ ಹೆಸರಿನ ಖಾತೆಯಲ್ಲಿರುವುದು ತನ್ನ ಹಣ ಎಂದು ಗೊತ್ತಿದ್ದ ಹೆಣ್ಣಿನ ದನಿ ದೆಹಲಿಗೆ ಕೇಳಿಸಿದ್ದಂತೂ ನಿಜ.

ಪ್ರತಿಭೆಯ ಪೋಲು

ಇದೆಲ್ಲ ಕೂಡಿ ದೇಶ ಎಷ್ಟು ಬೆಳೆದೀತು? ಅಮೆರಿಕದ ಒಂದು ಲೆಕ್ಕ ಹೇಳುತ್ತೇನೆ. ಅಲ್ಲಿ 1960ರಲ್ಲಿ ವೈದ್ಯರು ಮತ್ತು ವಕೀಲರಲ್ಲಿ ಶೇ. 94 ಮಂದಿ ಬಿಳಿಯ ಗಂಡಸರು. 2010ಕ್ಕೆ ಅದು ಶೇ. 62ಕ್ಕೆ ಇಳಿಯಿತು. ಬುದ್ಧಿ ಬಿಳಿಯ ಗಂಡಸರಿಗಷ್ಟೇ ಹಂಚಿಕೆಯಾಗಿರಲಿಲ್ಲ; ಬಾಗಿಲು ಅವರಿಗಷ್ಟೇ ತೆರೆದಿತ್ತು. ಬಾಗಿಲು ತೆರೆದು ಪ್ರತಿಭೆ ತನ್ನ ಜಾಗ ಸೇರಿದ್ದರಿಂದಲೇ ಆ ಐವತ್ತು ವರ್ಷಗಳ ತಲಾ ಉತ್ಪಾದನೆಯ ಬೆಳವಣಿಗೆಯಲ್ಲಿ ಶೇ. 20ರಿಂದ 40ರಷ್ಟು ಬಂತೆಂದು 2019ರ ಅಧ್ಯಯನವೊಂದು ಅಂದಾಜು ಮಾಡಿತು. ನಮ್ಮಲ್ಲಿ ಹಾಲಿನ ಜಿಡ್ಡಿನ ಲೆಕ್ಕವನ್ನು ಬಾಯಲ್ಲೇ ಹಾಕುವ ಎಷ್ಟು ಹೆಂಗಸರು ಡೇರಿಯ ಸೆಕ್ರೆಟರಿಯಾಗಬಹುದಿತ್ತೋ, ಬ್ಯಾಂಕ್ ಮ್ಯಾನೇಜರಾಗಬಹುದಿತ್ತೋ!

ವಿದ್ಯಾರ್ಥಿ ಮಿತ್ರರೇ, ದೊಡ್ಡ ಯೋಜನೆಗಳನ್ನು ಸರ್ಕಾರಕ್ಕೆ ಬಿಡೋಣ. ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಶುರುವಾದ "ಕೂಸಿನ ಮನೆ"ಗಳು ಚೆನ್ನಾಗಿ ನಡೆದರೆ ಹೆಂಗಸರ ಮನೆಯೊಳಗಿನ ಹೊರೆ ಒಂದಿಷ್ಟು ಹಗುರವಾದೀತು. ನಿಮಗೆ ನಾನು ಕೊಡುವ ಮನೆಗೆಲಸ ಸಣ್ಣದು. ಈ ಭಾನುವಾರ ಊರಿಗೆ ಹೋದಾಗ ಮನೆಯ ನಾಲ್ಕು ಕಾಗದ ತೆಗೆದು ನೋಡಿ: ಡೇರಿಯ ಪಾಸ್‌ಬುಕ್ಕು, ಪಹಣಿ, ಬ್ಯಾಂಕಿನ ಪುಸ್ತಕ, ಸಾಲದ ಚೀಟಿ. ಅಮ್ಮನ ಹೆಸರು ಯಾವುದರಲ್ಲಿದೆ, ಯಾವುದರಲ್ಲಿಲ್ಲ? ಮುಂದಿನ ತರಗತಿ ಅಲ್ಲಿಂದ ಶುರು ಮಾಡೋಣ.

*ಮುದ್ರಣದ ವೇಳೆ ಸೇರಿಸಿದ್ದು:* ಉಪನ್ಯಾಸ ಮುಗಿದು ಕಾಫಿ ಕುಡಿಯುವಾಗ ದತ್ತಿದಾನಿಗಳಲ್ಲಿ ಹಿರಿಯರು ಹತ್ತಿರ ಬಂದರು. "ನೀವು ಕೇಳದೆ ಬಿಟ್ಟಿರಲ್ಲ ಮೇಡಂ, ಅದು ಅಪ್ಪನ ಹೆಸರಲ್ಲೇ ಇತ್ತು" ಎಂದರು. ಸ್ವಲ್ಪ ಹೊತ್ತು ಲೋಟ ತಿರುಗಿಸುತ್ತಾ ನಿಂತು, "ಬ್ಯಾಂಕಿನ ಕಾಗದದಲ್ಲಿ ಅಮ್ಮನ ಹೆಸರು ಬಂದದ್ದು ಈ ದತ್ತಿಯ ಠೇವಣಿ ಇಟ್ಟಾಗಲೇ ಮೊದಲು" ಎಂದರು.