ಮರಳಿ ಬಂದ ರಾಕೆಟ್ಟು
(ಗಿರಣಿ ಕಾರ್ಮಿಕರು ಹಾಗೂ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



2024ರ ಅಕ್ಟೋಬರ್ 13, ಭಾನುವಾರ. ವಿಜಯದಶಮಿಯ ಮಾರನೆಯ ದಿನ. ಆಯುಧಪೂಜೆಯಲ್ಲಿ ಯಂತ್ರಗಳಿಗೆ ಹಚ್ಚಿದ ಕುಂಕುಮ ಇನ್ನೂ ಮಾಸಿರಲಿಲ್ಲ. ಸಂಜೆ ಆರಕ್ಕೆ ಐದು ನಿಮಿಷವಿರುವಾಗ ನಾವು ಹತ್ತು ಹನ್ನೆರಡು ಜನ ಸಂಘದ ಕೊಠಡಿಯಲ್ಲಿ ಟಿವಿಯ ಮುಂದೆ ಕುಳಿತಿದ್ದೆವು. ಅಮೆರಿಕದ ಟೆಕ್ಸಾಸಿನಲ್ಲಿ, ಬೋಕಾ ಚಿಕಾ ಎಂಬ ಕಡಲ ದಂಡೆಯಲ್ಲಿ, ಆಗ ಬೆಳಗಿನ 7 ಗಂಟೆ 25 ನಿಮಿಷ. ಕರೆಂಟು ಹೋಗದಿದ್ದರೆ ಸಾಕೆಂಬುದೊಂದೇ ನಮ್ಮ ಚಿಂತೆ.

ಅಲ್ಲಿ ನಿಂತಿದ್ದುದು ಸ್ಪೇಸ್‌ಎಕ್ಸ್ ಕಂಪನಿಯ ಸ್ಟಾರ್‌ಶಿಪ್. ಅದು ಅದರ ಐದನೆಯ ಹಾರಾಟ. ಎತ್ತರ 121 ಮೀಟರು. ನಮ್ಮ ಗಿರಣಿಯ ಚಿಮಣಿಗಳನ್ನು ಒಂದರ ಮೇಲೊಂದು ಎರಡು ನಿಲ್ಲಿಸಿದರೂ ಸಾಲದು. ಕೆಳಗಿನ ಭಾಗವೇ 71 ಮೀಟರು, ಅದರ ಬುಡದಲ್ಲಿ 33 ಎಂಜಿನು. ಇದಕ್ಕೆ ಬೂಸ್ಟರ್ ಎನ್ನುತ್ತಾರೆ. ಮೇಲಿನ ನೌಕೆಯನ್ನು ಎತ್ತರಕ್ಕೆ ನೂಕಿಬಿಡುವುದಷ್ಟೇ ಅದರ ಕೆಲಸ. ಹಿಂದೆಲ್ಲ ಇಂಥ ಭಾಗವನ್ನು ಒಮ್ಮೆ ಬಳಸಿ ಸಮುದ್ರಕ್ಕೆ ಬಿಡುತ್ತಿದ್ದರು. ಸೋಡಾ ಕುಡಿದವರೆಲ್ಲ ಬಾಟಲಿಯನ್ನು ಒಡೆದೇ ಹೋಗುವುದಾದರೆ ಅಂಗಡಿ ಎಷ್ಟು ದಿನ ನಡೆದೀತು? ಅದೇ ಕಂಪನಿ 2015ರ ಡಿಸೆಂಬರಿನಲ್ಲಿ ಫಾಲ್ಕನ್ 9 ಎಂಬ ಸಣ್ಣ ರಾಕೆಟ್ಟಿನ ಕೆಳಭಾಗವನ್ನು ನೆಲಕ್ಕಿಳಿಸಿತು. ಹಾಗೆ ಇಳಿದುಬಂದ ಒಂದನ್ನು 2017ರ ಮಾರ್ಚಿನಲ್ಲಿ ಮತ್ತೆ ಹಾರಿಸಿತು. ಅದಕ್ಕೆ ಇಳಿಯಲು ಕಾಲುಗಳಿದ್ದವು. ಇದಕ್ಕೆ ಕಾಲಿಲ್ಲ! ಕಾಲಿನ ಭಾರ ಉಳಿದಷ್ಟೂ ಸರಕು ಹೆಚ್ಚು ಹೊರಬಹುದೆಂಬ ಲೆಕ್ಕ. ಹಾರಿದ ಗೋಪುರವೇ ಎರಡು ಕೈಚಾಚಿ ಹಿಡಿಯಬೇಕು.

ಎರಡೂವರೆ ನಿಮಿಷ ಕಳೆದು ಸ್ವಲ್ಪ ಹೊತ್ತಿಗೆ ಎರಡೂ ಭಾಗ ಬೇರ್ಪಟ್ಟವು. ಬೂಸ್ಟರ್ ತಿರುಗಿ ದಂಡೆಯತ್ತ ಹೊರಟಿತು. ಎಲ್ಲವೂ ಗಣಕಯಂತ್ರದ ಕೈಯಲ್ಲೇ ಇತ್ತೆಂದು ತಿಳಿಯಬೇಡಿ. ಗೋಪುರಕ್ಕೆ ಬರಲಿ ಎಂಬ ಆಜ್ಞೆಯನ್ನು ಹಾರಾಟದ ಮುಖ್ಯಸ್ಥ ಸ್ಥಾನದಲ್ಲಿದ್ದ ಮನುಷ್ಯನೇ ಕೊಡಬೇಕಿತ್ತು. ಕೊಡದಿದ್ದರೆ ಅದು ತಾನಾಗಿ ಕಡಲಿಗೆ ಇಳಿಯುತ್ತಿತ್ತು. ಆಜ್ಞೆ ಹೋಯಿತು.

ಕೊಠಡಿಯಲ್ಲಿ ಮಾತಿಲ್ಲ. ಆ ಉಕ್ಕಿನ ಕೊಳವೆ ಕಲ್ಲಿನಂತೆ ಬೀಳುತ್ತಿದೆ. ನೆಲ ಹತ್ತಿರವಾದಾಗ 13 ಎಂಜಿನು ಹೊತ್ತಿಕೊಂಡವು, ಆಮೇಲೆ ನಡುವಿನ ಮೂರು ಮಾತ್ರ. ಅಂಗೈ ಮೇಲೆ ಕೋಲು ನಿಲ್ಲಿಸುವ ಹುಡುಗನಂತೆ ಅತ್ತಿತ್ತ ಓಲಾಡುತ್ತ ಗೋಪುರದ ಮಗ್ಗುಲಿಗೆ ಸರಿಯಿತು. ಕೈಗಳು ಮುಚ್ಚಿದವು. ಹಾರಿ ಏಳು ನಿಮಿಷವೂ ತುಂಬಿರಲಿಲ್ಲ. 200 ಟನ್ನಿಗೂ ಮಿಕ್ಕ ಭಾರ ನೇತಾಡುತ್ತಿತ್ತು. ಬುಡದಲ್ಲಿ ಒಂದಿಷ್ಟು ಬೆಂಕಿ ಉರಿಯುತ್ತಲೇ ಇತ್ತು. ನಾವೆಲ್ಲ ಎದ್ದು ಚಪ್ಪಾಳೆ ತಟ್ಟಿದೆವು. ಬಂಡವಾಳಗಾರನ ರಾಕೆಟ್ಟಿಗೆ ಚಪ್ಪಾಳೆಯೇ ಎಂದು ಆಮೇಲೆ ಕೆಲವರು ಆಕ್ಷೇಪಿಸಿದರು. ಕೈಕಸುಬು ಬಲ್ಲವರು ಕೈಕಸುಬಿಗೆ ತಟ್ಟಿದ ಚಪ್ಪಾಳೆ ಅದು. ಅದಕ್ಕೆ ನಾವು ನಾಚಬೇಕಾಗಿಲ್ಲ.

ಆದರೆ ಸ್ಪಿನ್ನಿಂಗ್ ಖಾತೆಯ ಹಿರಿಯರೊಬ್ಬರು ಚಪ್ಪಾಳೆ ನಿಂತ ಮೇಲೆ ಕೇಳಿದರು: “ಹಳೇದೇ ವಾಪಸು ಬಂದರೆ ಹೊಸದು ಮಾಡೋರ ಗತಿ ಏನ್ರೀ?” ಗಿರಣಿಯಲ್ಲಿ ಹೊಸ ಯಂತ್ರ ಬಂದಾಗಲೆಲ್ಲ ಹಾಜರಿ ಪುಸ್ತಕದಿಂದ ಹೆಸರುಗಳು ಹೋದುದನ್ನು ಕಂಡವರು ಅವರು. ಉಳಿತಾಯ ಒಳ್ಳೆಯದೇ, ಉಳಿದದ್ದು ಯಾರ ಗಂಟಿಗೆ ಹೋಗುತ್ತದೆಂದು ಕೇಳದೆ ಬಿಡಲಾಗದು. ಚಂದ್ರನ ಮೇಲೆ ಜನರನ್ನಿಳಿಸುವ ನೌಕೆಗಾಗಿ ಅಮೆರಿಕದ ನಾಸಾ 2021ರ ಏಪ್ರಿಲಿನಲ್ಲಿ ಈ ಕಂಪನಿಗೆ 289 ಕೋಟಿ ಡಾಲರಿನ ಗುತ್ತಿಗೆ ಕೊಟ್ಟಿತು. ಅದು ಸಾರ್ವಜನಿಕ ಬೊಕ್ಕಸದ ಹಣ. ಮಾಲೀಕರ ನಡತೆಯನ್ನು ಟೀಕಿಸಿ 2022ರಲ್ಲಿ ಬಹಿರಂಗ ಪತ್ರ ಬರೆದ ನೌಕರರ ಪೈಕಿ ಎಂಟು ಮಂದಿಯನ್ನು ಕಾನೂನುಬಾಹಿರವಾಗಿ ತೆಗೆದುಹಾಕಲಾಗಿದೆ ಎಂದು ಆ ದೇಶದ ಕಾರ್ಮಿಕ ಸಂಬಂಧ ಮಂಡಳಿ 2024ರ ಜನವರಿಯಲ್ಲಿ ದೂರು ಹೂಡಿತು. ಮರುದಿನವೇ ಕಂಪನಿ ಆ ಮಂಡಳಿಯ ರಚನೆಯೇ ಸಂವಿಧಾನಬಾಹಿರವೆಂದು ನ್ಯಾಯಾಲಯಕ್ಕೆ ಹೋಯಿತು. ಈ ವಾದದ ಧಾಟಿ ನಮಗೇನೂ ಹೊಸದಲ್ಲ.

ನಮ್ಮಲ್ಲೂ ಈ ವಿದ್ಯೆ ಕಣ್ಣುಬಿಟ್ಟಿದೆ. 2023ರ ಏಪ್ರಿಲ್ 2ರಂದು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಳಿ ಇಸ್ರೋ ತನ್ನ ರೆಕ್ಕೆಯ ವಾಹನವನ್ನು ಹೆಲಿಕಾಪ್ಟರಿನಿಂದ ನಾಲ್ಕೂವರೆ ಕಿಲೋಮೀಟರು ಎತ್ತರದಲ್ಲಿ ಬಿಟ್ಟಿತು. ಅದು ತಾನೇ ದಾರಿ ನೋಡಿಕೊಂಡು ಓಡುದಾರಿಗೆ ಇಳಿಯಿತು. ಹೆಮ್ಮೆಯ ಮಾತೇ. ಆ ಸೀಮೆಯಲ್ಲೇ ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ಹುಲ್ಲುಗಾವಲನ್ನು ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಕೊಟ್ಟಾಗ ದನಕುರಿ ಮೇಯಿಸುವವರು ಬೀದಿಗಿಳಿದು ಕೇಳಿದ ಪ್ರಶ್ನೆಯನ್ನೂ ಅದೇ ಉಸಿರಿನಲ್ಲಿ ನೆನೆಯಬೇಕು. ಬೋಕಾ ಚಿಕಾದಲ್ಲೂ ಹಾರಾಟದ ದಿನ ಊರ ಜನಕ್ಕೆ ಕಡಲ ದಂಡೆಯ ರಸ್ತೆ ಬಂದ್.

ಅಂದು ಹಿಡಿದ ಬೂಸ್ಟರ್ ಮತ್ತೆ ಹಾರಲಿಲ್ಲ. 2025ರ ಜನವರಿಯಲ್ಲಿ ಹಿಡಿದ ಇನ್ನೊಂದು ಅದೇ ವರ್ಷ ಮೇ ತಿಂಗಳಲ್ಲಿ ಹಾರಿತು, 33ರಲ್ಲಿ 29 ಹಳೆಯ ಎಂಜಿನುಗಳೊಡನೆ. ಇಳಿಯುವಾಗ ಕಡಲ ಮೇಲೆ ಒಡೆದುಹೋಯಿತು. ಕಸುಬು ಇನ್ನೂ ಕೈಗೆ ಪೂರ್ತಿ ಕುದುರಿರಲಿಲ್ಲ.

ಆ ಭಾನುವಾರ ಮೇಲಿನ ನೌಕೆ ಹಿಂದೂ ಮಹಾಸಾಗರಕ್ಕೆ ಇಳಿದಾಗ ಹಾರಾಟ ಶುರುವಾಗಿ ಒಂದು ಗಂಟೆಯ ಮೇಲಾಗಿತ್ತು. ನೀರಿನ ಮೇಲೆ ಉರುಳಿ ಹೊತ್ತಿ ಉರಿಯಿತು. ಅದನ್ನು ನೋಡಲು ಉಳಿದವರು ನಾವು ನಾಲ್ವರೇ. ಅಂಗಡಿಯವರು ಅಂಗಡಿಗೆ ಹೋಗಿದ್ದರು. ರಾತ್ರಿ ಪಾಳಿಯವರು ಊಟಕ್ಕೆ ಮನೆಗೆ ಹೋಗಿದ್ದರು.