ರೋಗಿಯ ವರದಿ ಯಾರ ಕೈಯಲ್ಲಿದೆ?

(ಕುಟುಂಬ ಸಮಾವೇಶವೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಂಘಟಕರು ನನಗೆ ವಹಿಸಿದ ವಿಷಯ ರೋಗಿ ಸಂದರ್ಶನದ ಶಿಷ್ಟಾಚಾರಗಳು. ಅದರೊಂದಿಗೆ ಇನ್ನೊಂದನ್ನು ಸೇರಿಸಿಕೊಳ್ಳಲು ಅನುಮತಿ ಕೋರುತ್ತೇನೆ. ಇಂದು ಆಸ್ಪತ್ರೆಗಳು ಹೆಸರು ನೋಂದಣಿ, ವೈದ್ಯರ ಭೇಟಿಯ ಸಮಯ, ಪ್ರಯೋಗಾಲಯದ ವರದಿ, ಬಿಲ್ಲು, ಕೆಲವೆಡೆ ಸಂದರ್ಶಕರ ಪಾಸನ್ನು ಕೂಡಾ ಮೊಬೈಲ್ ಮೂಲಕವೇ ಒದಗಿಸುತ್ತಿವೆ. ಇಯಾದತ್ತಿಗೂ ಇದಕ್ಕೂ ಏನು ಸಂಬಂಧ ಎಂದು ತಾವು ಕೇಳಬಹುದು. ಸಂಬಂಧವಿಲ್ಲವೆಂದೇ ನಾನೂ ಭಾವಿಸಿದ್ದೆ. ನಮ್ಮ ಕುಟುಂಬದಲ್ಲಿ ನಡೆದ ಒಂದು ಘಟನೆ ಆ ಭಾವನೆಯನ್ನು ಬದಲಿಸಿತು. ಚಿಕ್ಕಮ್ಮನ ಅನುಮತಿ ಪಡೆದೇ ಅದನ್ನಿಲ್ಲಿ ಹೇಳುತ್ತಿದ್ದೇನೆ.

ಚಿಕ್ಕಮ್ಮನಿಗೆ ಹೊಟ್ಟೆಯ ಶಸ್ತ್ರಚಿಕಿತ್ಸೆಯಾಗಿತ್ತು. ತೆಗೆದ ಗಡ್ಡೆಯ ತುಣುಕನ್ನು ಪರೀಕ್ಷೆಗೆ ಕಳುಹಿಸಲಾಗಿತ್ತು. ದಾಖಲಿಸುವಾಗ ಕೌಂಟರಿನಲ್ಲಿ ಮೊಬೈಲ್ ಸಂಖ್ಯೆ ಕೇಳಿದಾಗ, ನಮ್ಮ ಹೆಚ್ಚಿನ ಮನೆಗಳಲ್ಲಿ ನಡೆಯುವಂತೆ, ಖರ್ಚು ನೋಡಿಕೊಳ್ಳುವ ಹಿರಿಯ ಮಗನ ಸಂಖ್ಯೆಯನ್ನು ಬರೆಸಲಾಯಿತು. ಬರೆಸಿದವನು ನಾನೇ. ಆತ ದುಬೈಯಲ್ಲಿದ್ದಾನೆ. ಊರಿನ ಸಂಖ್ಯೆಯನ್ನು ಅಲ್ಲಿಯೂ ಚಾಲ್ತಿಯಲ್ಲಿಟ್ಟುಕೊಂಡಿದ್ದಾನೆ. ಐದನೆಯ ದಿನ ರಾತ್ರಿ, ವರದಿ ಸಿದ್ಧವಾಗಿದೆಯೆಂಬ ಸಂದೇಶ ಅವನಿಗೆ ಹೋಯಿತು. ವೈದ್ಯರು ಇನ್ನೂ ಅದನ್ನು ನೋಡಿರಲಿಲ್ಲ. ಎರಡು ಪುಟಗಳ ಆ ವರದಿಯಲ್ಲಿ ಅವನಿಗೆ ಅರ್ಥವಾದುದು ಒಂದೇ ಒಂದು ಶಬ್ದ. ಗಾಬರಿಯಿಂದ ಅದರ ಚಿತ್ರವನ್ನು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದ. ಗುಂಪಿನಲ್ಲಿ 43 ಮಂದಿಯಿದ್ದರು. ಚಿಕ್ಕಮ್ಮ ಅದರಲ್ಲಿರಲಿಲ್ಲ. ಅವರಲ್ಲಿದ್ದುದು ಗುಂಡಿಗಳ ಹಳೆಯ ಮೊಬೈಲ್.

ಮರುದಿನ ಸಂಜೆ ಸಂದರ್ಶನದ ವೇಳೆಗೆ ಬಂಧುಗಳು ದಂಡುದಂಡಾಗಿ ಬಂದರು. ಇದ್ದ ಪಾಸುಗಳು ಎರಡು. ದ್ವಾರದಲ್ಲಿ ಕಾವಲುಗಾರನೊಂದಿಗೆ ವಾಗ್ವಾದವಾಯಿತು. ಹೇಗೋ ಒಳನುಗ್ಗಿದ ಹತ್ತಾರು ಮಂದಿ ಮಂಚದ ಸುತ್ತ ನಿಂತರು. ಯಾರೂ ಏನನ್ನೂ ಹೇಳಲಿಲ್ಲ. ಆದರೆ ಒಬ್ಬ ಹೆಣ್ಣುಮಗಳು ಬಿಕ್ಕಿ ಅಳತೊಡಗಿದಳು. ತನಗೆ ಏನಾಗಿದೆಯೆಂಬುದು ಚಿಕ್ಕಮ್ಮನಿಗೆ ತಿಳಿದುದು ಆ ಅಳುವಿನಿಂದ. ತನ್ನದೇ ದೇಹದ ಸುದ್ದಿಯನ್ನು ತಿಳಿದವರಲ್ಲಿ ಅವರು 44ನೆಯವರಾಗಿದ್ದರು.

ಇಲ್ಲಿ ಕೆಟ್ಟ ಉದ್ದೇಶ ಯಾರಿಗೂ ಇರಲಿಲ್ಲ. ಮಗನದು ಪ್ರೀತಿ, ಬಂಧುಗಳದು ಕಾಳಜಿ. ಆದರೂ ಒಂದು ಅಮಾನತ್ ಭಂಗವಾಯಿತು. ಸಭೆಯಲ್ಲಿ ಆಡಿದ ಮಾತು ಕೂಡಾ ಅಮಾನತ್ತಾಗಿದೆಯೆಂದು ಕಲಿಸಿದ ಪ್ರವಾದಿ(ಸ)ರವರ ಅನುಯಾಯಿಗಳು ನಾವು. ಹಾಗಿರುವಾಗ ಒಬ್ಬ ಮಹಿಳೆಯ ಗರ್ಭಕೋಶದ, ಸ್ತನದ, ಮನಸ್ಸಿನ ಕಾಯಿಲೆಯ ವರದಿ ಎಂಥ ಅಮಾನತ್ತಾಗಿರಬೇಕು! ಪರ್ದಾದ ಕುರಿತು ಗಂಟೆಗಟ್ಟಲೆ ಮಾತನಾಡುವ ನಾವು ಆಕೆಯ ವೈದ್ಯಕೀಯ ವರದಿಗೂ ಒಂದು ಪರ್ದಾ ಇದೆಯೆಂಬುದನ್ನು ಮರೆತುಬಿಡುತ್ತೇವೆ.

ಮದ್ರಸದಲ್ಲಿ ಇಯಾದತ್ತಿನ ಅಧ್ಯಾಯವನ್ನು ಕಲಿಯುವಾಗ ಅದರ ಪುಣ್ಯದ ಭಾಗ ನಮಗೆ ಬಾಯಿಪಾಠವಾಗುತ್ತಿತ್ತು. ಶಿಷ್ಟಾಚಾರದ ಭಾಗವನ್ನು ಬೇಗ ಬೇಗನೆ ದಾಟಿಬಿಡುತ್ತಿದ್ದೆವು. ರೋಗಿಯನ್ನು ಸಂದರ್ಶಿಸುವುದು ಒಬ್ಬ ಮುಸ್ಲಿಮನ ಮೇಲೆ ಇನ್ನೊಬ್ಬ ಮುಸ್ಲಿಮನಿಗಿರುವ ಹಕ್ಕುಗಳಲ್ಲೊಂದು. ಗಮನಿಸಿ, ಅದು ರೋಗಿಯ ಹಕ್ಕು, ನಮ್ಮದಲ್ಲ. ತಮ್ಮ ಸೇವೆ ಮಾಡುತ್ತಿದ್ದ ಯಹೂದಿ ಬಾಲಕ ಕಾಯಿಲೆ ಬಿದ್ದಾಗಲೂ ಪ್ರವಾದಿ(ಸ) ಅವನ ತಲೆಯ ಬಳಿ ಹೋಗಿ ಕುಳಿತಿದ್ದರು. ಮಕ್ಕಾದಲ್ಲಿ ಕಾಯಿಲೆ ಬಿದ್ದಿದ್ದ ಸಅದ್ ಬಿನ್ ಅಬೀ ವಕ್ಕಾಸ್(ರ)ರನ್ನು ಸಂದರ್ಶಿಸಿದಾಗ ನಡೆದ ಮಾತುಕತೆಯನ್ನು ಹದೀಸ್ ಗ್ರಂಥಗಳು ದಾಖಲಿಸಿವೆ. ತನ್ನ ಸಂಪತ್ತಿನ ಎಷ್ಟು ಭಾಗವನ್ನು ದಾನಕ್ಕೆ ವಸಿಯ್ಯತ್ ಮಾಡಬಹುದೆಂದು ಅವರು ಕೇಳುತ್ತಾರೆ. ಮೂರನೆಯ ಒಂದು ಭಾಗ, ಅದೂ ಹೆಚ್ಚೇ ಎಂಬ ಉತ್ತರ ದೊರೆಯುತ್ತದೆ. ಅಲ್ಲಿ ಮಾತನ್ನಾರಂಭಿಸಿದವರು ರೋಗಿ. ತನ್ನ ಸ್ಥಿತಿ ಅವರಿಗೆ ಗೊತ್ತಿತ್ತು, ಮುಂದಿನದನ್ನು ಯೋಚಿಸುವವರೂ ಅವರೇ ಆಗಿದ್ದರು. ನಮ್ಮ ವಾರ್ಡುಗಳಲ್ಲಿ ರೋಗಿಯ ತಲೆಯ ಮೇಲಿಂದ ಮಾತು ಹರಿದಾಡುತ್ತದೆ.

ದ್ವಾರದ ವಾಗ್ವಾದಕ್ಕೂ ಉತ್ತರವಿದೆ. ಪರರ ಮನೆಯನ್ನು ಅನುಮತಿಯಿಲ್ಲದೆ ಪ್ರವೇಶಿಸಬಾರದು, ಮರಳಿ ಹೋಗಿರೆಂದರೆ ಮರಳಬೇಕು ಎಂದು ಸೂರಃ ಅನ್ನೂರ್ ಆದೇಶಿಸುತ್ತದೆ. ಸೋಂಕಿನ ಭೀತಿಯಿರುವ ವಾರ್ಡಿಗೆ ಈ ಆದೇಶ ಇನ್ನೂ ಹೆಚ್ಚು ಅನ್ವಯಿಸಬೇಡವೇ? ಪಾಸು ತೋರಿಸೆಂದು ಕೇಳುವ ಕಾವಲುಗಾರ ನಮ್ಮ ಶತ್ರುವಲ್ಲ. ಹೋಗುವ ಮೊದಲು, ಯಾವಾಗ ಬರಲಿ, ಬರಬಹುದೇ ಎಂದು ರೋಗಿಯೊಡನೆ ಅಥವಾ ಜೊತೆಗಿರುವವರೊಡನೆ ಕೇಳಿಕೊಳ್ಳಬೇಕು. ಸರದಿ ಮಾಡಿಕೊಂಡು, ದಿನಕ್ಕೆ ಇಬ್ಬರು ಹೋಗಿ ಹತ್ತು ನಿಮಿಷ ಕುಳಿತು ದುಆ ಮಾಡಿ ಎದ್ದುಬಂದರೂ ಹಕ್ಕು ಸಂದಾಯವಾಗುತ್ತದೆ.

ಇನ್ನು ವರದಿಯ ವಿಷಯ. ರೋಗಿಯ ದಾಖಲೆಯೆಂಬುದು ಪಶ್ಚಿಮದಿಂದ ಬಂದ ಹೊಸ ಕಲ್ಪನೆಯೆಂದು ಭಾವಿಸಬೇಡಿ. 9ನೇ ಶತಮಾನದ ವೈದ್ಯ ಇಸ್‌ಹಾಕ್ ಬಿನ್ ಅಲೀ ಅರ್ರುಹಾವಿ ಬರೆದ ‘ಅದಬುತ್ತಬೀಬ್’ ಎಂಬ ಗ್ರಂಥವು, ವೈದ್ಯನು ಪ್ರತಿ ಭೇಟಿಯಲ್ಲೂ ರೋಗಿಯ ಸ್ಥಿತಿಯನ್ನು ಬರೆದಿಡಬೇಕೆಂದೂ ಅಗತ್ಯ ಬಿದ್ದಾಗ ಇತರ ವೈದ್ಯರು ಆ ಬರಹವನ್ನು ಪರಿಶೀಲಿಸಬೇಕೆಂದೂ ವಿವರಿಸುತ್ತದೆ. ನಮ್ಮ ದೇಶದ ಕಾನೂನಿನಲ್ಲೂ ಇದಕ್ಕೆ ಸ್ಥಾನವಿದೆ. ಭಾರತೀಯ ವೈದ್ಯಕೀಯ ಮಂಡಳಿಯ 2002ರ ವೃತ್ತಿ ನಿಯಮಗಳ ಪ್ರಕಾರ ಒಳರೋಗಿಗಳ ದಾಖಲೆಯನ್ನು ಮೂರು ವರ್ಷ ಇಟ್ಟುಕೊಳ್ಳಬೇಕು. ರೋಗಿ ಅಥವಾ ರೋಗಿ ಅಧಿಕಾರ ನೀಡಿದ ವ್ಯಕ್ತಿ ಕೇಳಿದರೆ 72 ಗಂಟೆಗಳೊಳಗೆ ಒದಗಿಸಬೇಕು. ರೋಗಿ ಅಧಿಕಾರ ನೀಡಿದ ವ್ಯಕ್ತಿ ಎಂಬ ಮಾತನ್ನು ನೆನಪಿಡಿ. ಮಗನಾದ ಮಾತ್ರಕ್ಕೆ, ಪತಿಯಾದ ಮಾತ್ರಕ್ಕೆ ಆ ಅಧಿಕಾರ ತಾನಾಗಿ ಬರುವುದಿಲ್ಲ.

ಸರಕಾರಿ ಆಸ್ಪತ್ರೆಗಳ ಆನ್‌ಲೈನ್ ನೋಂದಣಿ ವ್ಯವಸ್ಥೆ 2015ರ ಜುಲೈ 1ರಂದು ಆರಂಭವಾಯಿತು. ಬೆಂಗಳೂರಿನ ನಿಮ್ಹಾನ್ಸ್ ಆರಂಭದಲ್ಲೇ ಸೇರಿದ ಸಂಸ್ಥೆಗಳಲ್ಲೊಂದು. ರಾತ್ರಿ ಬಸ್ಸಿನಲ್ಲಿ ಹೊರಟು ಮುಂಜಾನೆ ಸಾಲಿನಲ್ಲಿ ನಿಲ್ಲುವ ನಮ್ಮ ಕುಟುಂಬಗಳಿಗೆ ಊರಿನಿಂದಲೇ ದಿನ ನಿಗದಿಪಡಿಸಿಕೊಳ್ಳುವ ಅವಕಾಶ ಸಣ್ಣದಲ್ಲ. 2021ರಲ್ಲಿ ದೇಶವ್ಯಾಪಿಯಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ 14 ಅಂಕಿಗಳ ‘ಆಭಾ’ ಸಂಖ್ಯೆಯನ್ನು ನೀಡುತ್ತದೆ. ಇದರ ಬಗ್ಗೆ ನಮ್ಮಲ್ಲಿ ದೊಡ್ಡ ಗೊಂದಲವಿದೆ. ಐದು ಲಕ್ಷದ ಚಿಕಿತ್ಸಾ ಸೌಲಭ್ಯದ ಕಾರ್ಡು ಬೇರೆ, ಆಭಾ ಬೇರೆ. ಆಭಾದಿಂದ ಒಂದು ರೂಪಾಯಿಯೂ ಸಿಗುವುದಿಲ್ಲ. ಬೇರೆ ಬೇರೆ ಆಸ್ಪತ್ರೆಗಳಲ್ಲಿರುವ ನಮ್ಮ ದಾಖಲೆಗಳನ್ನು ಒಂದೆಡೆ ನೋಡಲು ಅದೊಂದು ಕೊಂಡಿ, ಅಷ್ಟೇ. ಅದನ್ನು ಮಾಡಿಸಿಕೊಳ್ಳುವುದು ಕಡ್ಡಾಯವಲ್ಲ. ದಾಖಲೆಯನ್ನು ವೈದ್ಯರಿಗೆ ತೋರಿಸಲು ನಮ್ಮ ಒಪ್ಪಿಗೆ ಬೇಕು, ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯಲೂಬಹುದು.

ಆದರೆ ಈ ಒಪ್ಪಿಗೆಯ ಕೀಲಿ ಇರುವುದು ಮೊಬೈಲಿಗೆ ಬರುವ ಒಟಿಪಿಯಲ್ಲಿ. ಪತ್ನಿಯ ಖಾತೆಗೆ ಪತಿಯ ಸಂಖ್ಯೆ, ತಾಯಿಯ ಖಾತೆಗೆ ಮಗನ ಸಂಖ್ಯೆ ಕೊಟ್ಟಾಗ ಒಪ್ಪಿಗೆ ಕೊಡುವವರು ಯಾರಾದಂತಾಯಿತು? ಅಮ್ಮನಿಗೆ ಸ್ಮಾರ್ಟ್‌ಫೋನ್ ಬಳಸಲು ಬರುವುದಿಲ್ಲ ಎಂಬ ಸಮಜಾಯಿಷಿಯನ್ನು ನಾನು ಒಪ್ಪುವುದಿಲ್ಲ. ಒಟಿಪಿಯು ಗುಂಡಿಗಳ ಮೊಬೈಲಿಗೂ ಬರುತ್ತದೆ. ವರದಿಯನ್ನು ಮಗಳ ಮೊಬೈಲಿನಲ್ಲಿ ತೆರೆಯಿರಿ, ಆದರೆ ಒಟಿಪಿ ಅಮ್ಮನ ಮೊಬೈಲಿಗೆ ಬರಲಿ. ಆಗ ಆಕೆಗೆ ತಿಳಿಯದೆ ಬಾಗಿಲು ತೆರೆಯುವುದಿಲ್ಲ.

ವೈದ್ಯರಿಗಿಂತ ಮೊದಲೇ ವರದಿ ನಮ್ಮ ಕೈಸೇರುವುದರಲ್ಲಿ ಇನ್ನೊಂದು ಅಪಾಯವಿದೆ. ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ಗುರುತು ಹಾಕಿದ ಸಂಖ್ಯೆಗಳೆಲ್ಲಾ ಕಾಯಿಲೆಯಲ್ಲ. ಗಡ್ಡೆಯ ವರದಿಯಲ್ಲಿ ಒಂದು ಶಬ್ದಕ್ಕಿಂತ ಅದರ ಹಂತ, ಅಂಚುಗಳ ಸ್ಥಿತಿ ಮುಖ್ಯ. ಚಿಕ್ಕಮ್ಮನ ವರದಿಯ ಎರಡನೆಯ ಪುಟದಲ್ಲಿ ಸಮಾಧಾನ ಕೊಡುವ ಅಂಶಗಳೇ ಇದ್ದವು. 43 ಮಂದಿಯಲ್ಲಿ ಅದನ್ನು ಓದಿದವರು ಯಾರೂ ಇರಲಿಲ್ಲ.

ಸರಕಾರಕ್ಕೆ ಹೇಳಬೇಕಾದ ಮಾತೂ ಇದೆ. 2021ರ ಮೇ ತಿಂಗಳಲ್ಲಿ 18ರಿಂದ 44 ವಯಸ್ಸಿನವರ ಲಸಿಕೆಗೆ ಆರಂಭದಲ್ಲಿ ಆನ್‌ಲೈನ್ ನೋಂದಣಿಯನ್ನೇ ಕಡ್ಡಾಯಗೊಳಿಸಲಾಗಿತ್ತು. ಸ್ಮಾರ್ಟ್‌ಫೋನ್ ಇಲ್ಲದ ಬಡವರು, ಗ್ರಾಮೀಣರು ಏನು ಮಾಡಬೇಕೆಂದು ಸುಪ್ರೀಂ ಕೋರ್ಟೇ ಪ್ರಶ್ನಿಸಬೇಕಾಯಿತು. ಸೌಲಭ್ಯವು ಷರತ್ತಾಗಿ ಮಾರ್ಪಡುವುದು ಹೀಗೆಯೇ. ಆಸ್ಪತ್ರೆಯ ಆ್ಯಪ್ ಕನ್ನಡದಲ್ಲಿರಲಿ, ಜೊತೆಗೆ ಮನುಷ್ಯರು ಕೂರುವ ಕೌಂಟರೂ ಇರಲಿ ಎಂದು ನಾವು ಆಗ್ರಹಿಸಬೇಕು. ಯಂತ್ರವನ್ನೇ ಪೂರ್ತಿ ನೆಚ್ಚಿಕೊಳ್ಳಲೂ ಆಗದು. 2022ರ ನವೆಂಬರ್ 23ರಂದು ದಿಲ್ಲಿಯ ಏಮ್ಸ್ ಸೈಬರ್ ದಾಳಿಗೆ ತುತ್ತಾದಾಗ ದೇಶದ ಅಗ್ರಗಣ್ಯ ಆಸ್ಪತ್ರೆಯೇ ದಿನಗಟ್ಟಲೆ ಕಾಗದ ಪೆನ್ನಿನಿಂದ ಕೆಲಸ ನಡೆಸಿತು. ಆದ್ದರಿಂದ ಡಿಸ್ಚಾರ್ಜ್ ಚೀಟಿಯ ಕಾಗದದ ಪ್ರತಿಯನ್ನು ಎಸೆಯಬೇಡಿ.

ಚಿಕ್ಕಮ್ಮ ಈಗ ಆರು ತಿಂಗಳಿಗೊಮ್ಮೆ ತಪಾಸಣೆಗೆ ಹೋಗುತ್ತಾರೆ, ಅಲ್‌ಹಮ್ದುಲಿಲ್ಲಾಹ್. ಮನೆಗೆ ಬಂದ ಬಳಿಕ ಅವರು ಮೊದಲು ಮಾಡಿದ್ದು, ನನ್ನನ್ನು ಜೊತೆಗೆ ಕರೆದುಕೊಂಡು ಹೋಗಿ ಆಸ್ಪತ್ರೆಯ ದಾಖಲೆಯಲ್ಲಿ ತಮ್ಮದೇ ಸಂಖ್ಯೆಯನ್ನು ಬರೆಸಿದ್ದು. ಈಗ ವರದಿ ಬಂದರೆ ಮೊಮ್ಮಗಳನ್ನು ಕರೆಯುತ್ತಾರೆ. ಕೆಲವೊಮ್ಮೆ, ಡಾಕ್ಟರು ನೋಡುವವರೆಗೆ ಇರಲಿ, ತೆರೆಯಬೇಡ ಎನ್ನುತ್ತಾರೆ. ಮಗ ದುಬೈಯಿಂದ ಕರೆ ಮಾಡಿ ವಿಚಾರಿಸಿದಾಗ ಹೇಳುವಷ್ಟನ್ನು ಹೇಳುತ್ತಾರೆ. ಆರಂಭದಲ್ಲಿ ಅವನಿಗೆ ಸ್ವಲ್ಪ ಬೇಸರವಾಗಿತ್ತು.

ಮುಂದಿನ ಆದಿತ್ಯವಾರ ಅಸರ್ ನಮಾಝಿನ ಬಳಿಕ ಇದೇ ಸಭಾಂಗಣದಲ್ಲಿ ನಮ್ಮ ಯುವಕರು ನೋಂದಣಿಗೆ ನೆರವಾಗಲಿದ್ದಾರೆ. ಸಹೋದರಿಯರಿಗಾಗಿ ಪ್ರತ್ಯೇಕ ಮೇಜಿರುತ್ತದೆ, ಅಲ್ಲಿ ಕಾಲೇಜು ವಿದ್ಯಾರ್ಥಿನಿಯರೇ ಇರುತ್ತಾರೆ. ಆಸ್ಪತ್ರೆಯ ಚೀಟಿ, ಆಧಾರ್ ಮತ್ತು ತಮ್ಮ ಸ್ವಂತ ಮೊಬೈಲನ್ನು ತನ್ನಿ. ನೆರವಾಗುವವರು ಯಾರದೇ ವರದಿಯನ್ನು ತೆರೆದು ನೋಡುವುದಿಲ್ಲ. ಈ ಮಾತನ್ನು ಅವರಿಂದ ಮೊದಲೇ ಪಡೆದುಕೊಂಡಿದ್ದೇನೆ.